ಬಾವಿ, ದಾರಿ ಎರಡೂ ಕುಮ್ಕಿಯಲ್ಲಿವೆ: ಈ ಜಾಗ ತಗೊಳ್ಬಹುದಾ?

ರಿಟೈರ್ ಆದ ಮೇಲೆ ಇರ್ಲಿಕ್ಕೆ ಮನೆ ಕಟ್ಟಬೇಕು. ಉಡುಪಿ ಜಿಲ್ಲೆಯಲ್ಲಿ ನೋಡಿದ್ದರಲ್ಲಿ ಎರಡು ಜಾಗ ಉಳಿದಿವೆ. ಕಾಪು ಹತ್ತಿರದ್ದು ಹೆದ್ದಾರಿಗೆ ಅನುಕೂಲ, ಆದರೆ ಹೊಳೆ ಬದಿ. ಏಪ್ರಿಲ್ ಬಂದರೆ ಬಾವಿಗೆ ಉಪ್ಪು ಏರುತ್ತದೆ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ತಲೆನೋವು ಬೇರೆ. ಹಾಗಾಗಿ ಮನಸ್ಸು ಪೆರ್ಡೂರು ಕಡೆಯ 25 ಸೆಂಟ್ಸ್ ಮೇಲೆ. ಕೃಷಿ ಜಾಗದಿಂದ ಮನೆ ಜಾಗಕ್ಕೆ ಕನ್ವರ್ಷನ್ ಆಗಿದೆ.

ತೊಡಕು ಅಲ್ಲೇ. ಆರ್‌ಟಿಸಿ (ಪಹಣಿ), ಇಸಿ (ಋಣಭಾರ ಪತ್ರ), 11ಇ ಸರ್ವೆ ನಕ್ಷೆ ಎಲ್ಲ ಸರಿ ಇದೆ. ಸರ್ವೆಯರ್ ಕರೆಸಿ ಗಡಿ ಅಳೆಸಿದಾಗ ಬಾವಿಯೂ ಗೇಟಿನ ತನಕದ ಮಣ್ಣು ದಾರಿಯೂ ವರ್ಗ ಜಾಗದ (ಅಂದರೆ ಪಟ್ಟಾ ಜಾಗದ) ಹೊರಗೆ, ಅದಕ್ಕೆ ತಾಗಿದ ಕುಮ್ಕಿಯಲ್ಲಿ ಬಿದ್ದವು. ಮಾರುವವರು "ಅಜ್ಜನ ಕಾಲದಿಂದ ನಾವೇ ಅನುಭವಿಸ್ತಾ ಇದ್ದೇವೆ" ಅಂತಾರೆ. ಆದರೆ ಕುಮ್ಕಿ ಸರಕಾರಿ ಜಾಗ. ಪಕ್ಕದ ವರ್ಗದವರಿಗೆ ಅದರಲ್ಲಿ ಕೃಷಿಗೆಂದು ಸೊಪ್ಪು, ಸೌದೆಯ ಸವಲತ್ತು ಅಷ್ಟೇ. ಕ್ರಯಪತ್ರದಲ್ಲಿ ಬರೆಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

ವರ್ಗದೊಳಗೆ ಹೊಸ ಬಾವಿ ತೋಡುವ ಅಂದರೆ ಇಡೀ ಮುರಕಲ್ಲು. ತೂತು ತೂತು ಕಲ್ಲು, ಮಳೆ ನೀರು ಬೇಗ ಇಳಿದು ಹೋಗಿ ಮೇಯಲ್ಲಿ ತಳ ಕಾಣುವ ಭಯ. ಅದೇ ತೂತಿನಲ್ಲಿ ಕೊಳಚೆಯೂ ಹರಿಯುತ್ತದೆ, ಹಾಗಾಗಿ ಶೌಚಾಲಯದ ಇಂಗುಗುಂಡಿಯಿಂದ 50 ಅಡಿಯಾದರೂ ದೂರ ಬೇಕೇ ಬೇಕು.

ಗೊತ್ತಿರುವವರು ದಯವಿಟ್ಟು ಹೇಳಿ: ವರ್ಗ ಜಾಗ ಕನ್ವರ್ಷನ್ ಆದ ಮೇಲೂ ಕುಮ್ಕಿ ಸವಲತ್ತು ಉಳಿಯುತ್ತದಾ? ದಾರಿ ಕುಮ್ಕಿಯಲ್ಲೇ ಇದ್ದರೆ ಪಂಚಾಯತ್‌ನವರು ಮನೆ ಕಟ್ಟಲು ಲೈಸೆನ್ಸ್ ಕೊಡ್ತಾರಾ?