ಸೋಚಿ 2014 ರಿಲೇ: ಶಾರ್ಲೊಟ್ ಕಲ್ಲಾ 25 ಸೆಕೆಂಡ್ ತುಂಬಿದ್ದು ಹೇಗೆ?

ಪ್ರಶ್ನೆ:
ಸೋಚಿ ಒಲಿಂಪಿಕ್ಸ್‌ನ ಮಹಿಳೆಯರ 4×5 ಕಿ.ಮೀ. ಕ್ರಾಸ್-ಕಂಟ್ರಿ ಸ್ಕೀಯಿಂಗ್ (ಹಿಮದ ಮೇಲೆ ದೂರದ ಸ್ಕೀ ಓಟ) ರಿಲೇಯಲ್ಲಿ ಸ್ವೀಡನ್‌ನ ಕಲ್ಲಾ ಕೊನೆಯ ಲೆಗ್‌ಗೆ (ಒಬ್ಬರ ಪಾಲಿನ 5 ಕಿ.ಮೀ.) ಹೊರಟಾಗ ಸುಮಾರು 25 ಸೆಕೆಂಡ್ ಹಿಂದಿದ್ದರು. ಮುಗಿಸಿದ್ದು ಮೊದಲಿಗರಾಗಿ. ಮುಂದಿದ್ದವರು ಸುಸ್ತಾದರಾ, ಇಲ್ಲ ಸ್ಕೀ ಕೈಕೊಟ್ಟಿತಾ? ಮತ್ತೆ, ಬರೀ 3 ಒಲಿಂಪಿಕ್ ಚಿನ್ನಕ್ಕೆ ಇಷ್ಟೊಂದು ಹೆಸರು ಯಾಕೆ?

ಉತ್ತರ 1:
5 ಕಿ.ಮೀ.ಗೆ 25 ಸೆಕೆಂಡ್ ಅಂದರೆ ಕಿಲೋಮೀಟರಿಗೆ 5. ಒಂದು ಲೆಗ್‌ಗೆ ಹದಿಮೂರು ನಿಮಿಷದ ಆಸುಪಾಸು ಹಿಡಿಯುತ್ತದೆ, ಹಾಗಾಗಿ ಸುಮಾರು 3% ವೇಗ ಹೆಚ್ಚಿದ್ದರೆ ಲೆಕ್ಕ ಸರಿಹೋಯಿತು. ಕೇಳೋಕೆ ಸಣ್ಣದು, ಈ ಮಟ್ಟದಲ್ಲಿ ಭಾರೀ ಅಂತರ.

ಮುಂದಿದ್ದವರು ಫಿನ್ಲೆಂಡಿನ ಕ್ರಿಸ್ತಾ ಲಾಹ್ಟೇನ್ಮಾಕಿ, ಜರ್ಮನಿಯ ಡೆನಿಸ್ ಹೆರ್ಮನ್. ಹೆರ್ಮನ್ ಅಸಲಿಗೆ ಸ್ಪ್ರಿಂಟರ್, ಅಂದರೆ ಕಡಿಮೆ ದೂರದವರು (ಆಮೇಲೆ ಸ್ಕೀ ಜೊತೆ ಗುರಿ ಹೊಡೆಯುವ ಬಯಾತ್ಲಾನ್‌ಗೆ ಹೋಗಿ 2022ರಲ್ಲಿ ಅಲ್ಲಿ ಒಲಿಂಪಿಕ್ ಚಿನ್ನ ಗೆದ್ದರು). ಮುಂದೆ ಇಬ್ಬರು ಜೊತೆಗಿದ್ದಾಗ ಗಾಳಿಗೆ ಎದೆಯೊಡ್ಡಲು ಇಬ್ಬರಿಗೂ ಮನಸ್ಸಿರುವುದಿಲ್ಲ. ಅಟ್ಟಿಸಿಕೊಂಡು ಬರುವವರಿಗೆ ಆ ಯೋಚನೆಯೇ ಇಲ್ಲ. ವಿಡಿಯೊದಲ್ಲಿ ಕೋಲು ಗಮನಿಸಿ: ಕಡಿದಾದ ಏರಿನಲ್ಲಿ ಎರಡು ಹೆಜ್ಜೆಗೆ ಒಮ್ಮೆ ಊರುತ್ತಾರೆ, ಏರು ಕಡಿಮೆಯಾದಲ್ಲಿ ಪ್ರತಿ ಹೆಜ್ಜೆಗೂ ಒಮ್ಮೆ. ಕೊನೆಯ ನೇರ ದಾರಿಯಲ್ಲಿ ಕಲ್ಲಾ ಇಬ್ಬರನ್ನೂ ಹಿಂದಿಕ್ಕಿದರು. ಸ್ವೀಡನ್ 53:02.7, ಫಿನ್ಲೆಂಡ್ 0.5, ಜರ್ಮನಿ 0.9 ಸೆಕೆಂಡ್ ಹಿಂದೆ.

ಉತ್ತರ 2:
ಸ್ಕೀ ಪಾತ್ರವೂ ಇತ್ತು. ಮೊದಲ ಎರಡು ಲೆಗ್ ಕ್ಲಾಸಿಕ್ (ಸ್ಕೀಗಳನ್ನು ಸಮಾನಾಂತರವಾಗಿ ಇಟ್ಟು ಹಿಂದಕ್ಕೆ ಒದೆಯುತ್ತ ಸಾಗುವ ಶೈಲಿ): ಪಾದದ ಕೆಳಗೆ ಹಿಡಿತದ ಮೇಣ ಬೇಕು. ಕೊನೆಯ ಎರಡು ಫ್ರೀಸ್ಟೈಲ್ (ಸ್ಕೇಟಿಂಗ್‌ನಂತೆ ಪಕ್ಕಕ್ಕೆ ತಳ್ಳುತ್ತ ಸಾಗುವ ಶೈಲಿ): ಅಲ್ಲಿ ಪೂರ್ತಿ ಜಾರುವ ಮೇಣವೇ. ಒದ್ದೆ ಹಿಮದಲ್ಲಿ ಸ್ಕೀ ತಳಕ್ಕೆ ನೀರಿನ ಪದರ ಅಂಟಿ ಹೀರಿಕೊಂಡಂತಾಗುತ್ತದೆ. ಅದನ್ನು ಬಿಡಿಸಲೆಂದೇ ತಳದಲ್ಲಿ ಸಣ್ಣ ಗೆರೆಗಳನ್ನು ಕೊರೆಯುತ್ತಾರೆ. ಆ ಆಯ್ಕೆ ತಪ್ಪಿದರೆ ಕಾಲಿನ ಶಕ್ತಿ ಎಷ್ಟಿದ್ದರೂ ದಂಡ. ನಾರ್ವೆ 5ನೇ ಸ್ಥಾನಕ್ಕೆ ಜಾರಿದಾಗ ಬೈಸಿಕೊಂಡಿದ್ದು ಸ್ಕೀ ತಯಾರಿಯೇ.

ಹಾಗಂತ ಎಲ್ಲವನ್ನೂ ಮೇಣದ ಮೇಲೆ ಹಾಕಬೇಡಿ. 2015ರ ಫಾಲುನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಹಿಮ ಸುರಿಯುವಾಗ, 10 ಕಿ.ಮೀ. ಫ್ರೀಸ್ಟೈಲನ್ನು ಕಲ್ಲಾ 41 ಸೆಕೆಂಡ್ ಅಂತರದಲ್ಲಿ ಗೆದ್ದರು. ಅದರಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ, ಹಾಗಾಗಿ ಅಂಥ ದಿನ ಯಾವಾಗ ಹೊರಟೆವು ಅನ್ನೋ ಅದೃಷ್ಟವೂ ಇರುತ್ತದೆ, ಆದರೆ 41 ಸೆಕೆಂಡನ್ನು ಅದರ ಖಾತೆಗೆ ಬರೆಯಲಾಗದು.

ಉತ್ತರ 3:
"ಬರೀ 3" ಅನ್ನುವುದು ಸ್ವಲ್ಪ ಅನ್ಯಾಯ. 2010, 2014, 2018ರ ಒಲಿಂಪಿಕ್ಸ್ ಸೇರಿ ಕಲ್ಲಾಗೆ 3 ಚಿನ್ನ, 6 ಬೆಳ್ಳಿ. ಒಟ್ಟು 9, ಅಂದರೆ ಸ್ವೀಡನ್‌ನ ಹಳೆಯ ಸ್ಕೀ ದಿಗ್ಗಜ ಸಿಕ್ಸ್ಟೆನ್ ಯಾರ್ನ್‌ಬೆರಿ ಅವರಷ್ಟೇ (ಅವರದು 4 ಚಿನ್ನ). ಅದೂ ನಾರ್ವೆಯ ದಿಗ್ಗಜೆ ಮಾರಿಟ್ ಬ್ಯೋರ್ಗೆನ್ ಕಾಲದಲ್ಲಿ. 2018ರಲ್ಲಿ ಸ್ಕಿಯಾಥ್ಲಾನ್‌ನಲ್ಲಿ (ಅರ್ಧ ಕ್ಲಾಸಿಕ್, ಅರ್ಧ ಫ್ರೀಸ್ಟೈಲ್ ಓಟ) ಆಕೆಯನ್ನೇ 7.8 ಸೆಕೆಂಡ್ ಹಿಂದೆ ಬಿಟ್ಟು ಆ ಕೂಟದ ಮೊದಲ ಚಿನ್ನ ಗೆದ್ದರು.

ಸೋಚಿ ರಿಲೇಗೆ ಇನ್ನೊಂದು ತೂಕವಿದೆ: ಸ್ವೀಡನ್ ಮಹಿಳೆಯರಿಗೆ 1960ರ ನಂತರ ಸಿಕ್ಕ ಮೊದಲ ರಿಲೇ ಚಿನ್ನ. ಮೊದಲ ಮೂರು ಲೆಗ್ ಓಡಿದ ಇಂಗೆಮಾರ್ಸ್ಡೋಟರ್, ವಿಕೇನ್, ಹಾಗ್ ಹೆಸರನ್ನು ಜನ ಮರೆಯುತ್ತಾರೆ. ಅವರು ಅಂತರವನ್ನು 25 ಸೆಕೆಂಡಿಗೇ ನಿಲ್ಲಿಸದಿದ್ದರೆ ಕಲ್ಲಾಗೆ ಅದನ್ನು ತುಂಬುವ ಅವಕಾಶವೇ ಉಳಿಯುತ್ತಿರಲಿಲ್ಲ. 2019ರಲ್ಲಿ ಸೀಫೆಲ್ಡ್‌ನಲ್ಲಿ ವಿಶ್ವ ರಿಲೇ ಚಿನ್ನ ಗೆದ್ದ ತಂಡದಲ್ಲಿ ಎಬ್ಬಾ ಆಂಡರ್ಸನ್, ಫ್ರೀಡಾ ಕಾರ್ಲ್ಸನ್ ಜೊತೆ ಕಲ್ಲಾ ಇದ್ದರು.

ಪ್ರಶ್ನೆ ಕೇಳಿದವರು:
ಹಾಗಾದರೆ ಈಗಿನ ರಿಲೇ ಸಮಯದ ಜೊತೆ ಹೋಲಿಸಬಹುದಾ?

ಉತ್ತರ 1:
ಬೇಡ. 2022-23ರಿಂದ ಮಹಿಳೆಯರ ಲೆಗ್ 7.5 ಕಿ.ಮೀ., ಸ್ಕಿಯಾಥ್ಲಾನ್ 20 ಕಿ.ಮೀ. ಕಲ್ಲಾ 2022ರಲ್ಲೇ ನಿವೃತ್ತರಾದರು. ಹಿಮ, ಏರಿಳಿತ ಬೇರೆಯಾದರೆ ಒಂದೇ ದೂರದ ಸಮಯವೂ ಹೊಂದುವುದಿಲ್ಲ. ಅದೇ ಓಟದಲ್ಲಿ ಉಳಿದವರಿಗಿಂತ ಎಷ್ಟು ಅಂತರ ಅಂತ ನೋಡಿ.