ಸಹಾಯ ಬೇಕು: ಆಪ್ತಸಮಾಲೋಚಕರ ತಂಡಕ್ಕೆ ಹೊರಗಿನ ಸೂಪರ್‌ವೈಸರ್, ಕನ್ನಡದ ಪ್ರೋಕ್ವಾಲ್

ನಮಸ್ಕಾರ. ನಮ್ಮದು ಆರು ಆಪ್ತಸಮಾಲೋಚಕರ ತಂಡ. ಹೆಚ್ಚಿನವು ಪೋಕ್ಸೊ, ಕೌಟುಂಬಿಕ ದೌರ್ಜನ್ಯದ ಪ್ರಕರಣಗಳು. ಎರಡು ವಿಷಯದಲ್ಲಿ ನೆರವು ಬೇಕಿದೆ.

ಮೊದಲನೆಯದು ಪ್ರೋಕ್ವಾಲ್ (ProQOL) ಐದನೇ ಆವೃತ್ತಿ, ಅಂದರೆ ನೆರವಿನ ಕೆಲಸ ಮಾಡುವವರು ಆ ಕೆಲಸ ತಮ್ಮ ಮೇಲೆ ಬೀರಿದ ಪರಿಣಾಮವನ್ನು ತಾವೇ ಅಳೆದುಕೊಳ್ಳುವ ಪ್ರಶ್ನಾವಳಿ. ಕಳೆದ 30 ದಿನಗಳ ಬಗ್ಗೆ 30 ಹೇಳಿಕೆ, 1ರಿಂದ 5ರ ಅಂಕ. ನೆರವಾಗುವ ಕೆಲಸದ ತೃಪ್ತಿ, ಬರ್ನ್‌ಔಟ್ (ಕೆಲಸದಿಂದ ಬಸವಳಿಯುವುದು), ಪರೋಕ್ಷ ಆಘಾತ (ಬೇರೆಯವರ ಆಘಾತ ಕೇಳಿ ಕೇಳಿ ತಮಗೂ ತಟ್ಟುವುದು) ಎಂಬ ಮೂರು ಭಾಗ. ಒಂದು ಭಾಗದಲ್ಲಿ 22ರೊಳಗೆ ಕಡಿಮೆ, 42 ಅಥವಾ ಅದಕ್ಕೆ ಮೇಲಾದರೆ ಹೆಚ್ಚು. ಬರ್ನ್‌ಔಟ್ ಭಾಗದ ಐದು ಹೇಳಿಕೆಗಳ ಅಂಕ ತಿರುಗಿಸಿ ಕೂಡಬೇಕು, ಎಡವುವುದು ಇಲ್ಲೇ. ಕನ್ನಡದಲ್ಲಿ ಬಳಸಿದವರಿದ್ದರೆ ಯಾವ ಅನುವಾದ ಎಂದು ತಿಳಿಸಿ. ಇದು ರೋಗ ಪತ್ತೆಯ ಪರೀಕ್ಷೆಯಲ್ಲ, ಹಾಗಾಗಿ ಅಂಕಗಳು ಆಡಳಿತದ ಕೈಗೆ ಹೋಗಬಾರದು. ಹೋದರೆ ಯಾರೂ ನಿಜ ಬರೆಯುವುದಿಲ್ಲ.

ಎರಡನೆಯದು, ತಿಂಗಳಿಗೆರಡು ಸಲ 90 ನಿಮಿಷ ಕೊಡಬಲ್ಲ ಸೂಪರ್‌ವೈಸರ್, ಅಂದರೆ ಮೇಲಧಿಕಾರಿಯಲ್ಲ, ನಮ್ಮ ಪ್ರಕರಣಗಳ ಬಗ್ಗೆ ಮಾತು ಕೇಳಿ ಮಾರ್ಗದರ್ಶನ ಮಾಡುವ ಅನುಭವಿ. ರಜೆ, ಸಂಬಳ ನಿರ್ಧರಿಸುವವರೇ ಆ ಕುರ್ಚಿಯಲ್ಲಿ ಕೂತರೆ ಬಾಯಿ ಬಿಡುವವರಿಲ್ಲ, ಅದಕ್ಕೇ ಹೊರಗಿನವರು ಬೇಕು. ಪ್ರಕರಣದ ಘೋರ ವಿವರಗಳನ್ನು ಪೂರ್ತಿ ಬಿಚ್ಚಿಡುವ ಕ್ರಮ ಬೇಡ. ಕೇಳುವವರಿಗೂ ಅದೇ ಹೊರೆ. ಮೊದಲು ಎಚ್ಚರಿಕೆ, ಆಮೇಲೆ ಒಪ್ಪಿಗೆ, ಬೇಕಾದಷ್ಟೇ ವಿವರ. ಘಟನೆಯಾದ ಕೂಡಲೇ ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ ಮಾತಾಡಿಸುವ ಒಂದೇ ಬಾರಿಯ ಡೀಬ್ರೀಫಿಂಗ್ ಕೂಡ ಬೇಡ.

ಬರ್ನ್‌ಔಟ್‌ಗೆ ಕೆಲಸದ ಹೊರೆ ಇಳಿಸುವುದೇ ಮದ್ದು, ಯೋಗ ಶಿಬಿರವಲ್ಲ (ಯೋಗದ ಮೇಲೆ ಸಿಟ್ಟಿಲ್ಲ!). ದುಃಸ್ವಪ್ನ, ಮನೆಮಕ್ಕಳ ಬಗ್ಗೆ ಅತಿಯಾದ ಭಯದಂಥ ಪರೋಕ್ಷ ಆಘಾತದ ಲಕ್ಷಣ ಕಾಣಿಸಿದರೆ ದಾರಿಯೇ ಬೇರೆ: ಆಘಾತದ ಪ್ರಕರಣ ತಗ್ಗಿಸಿ, ಅವರಿಗೇ ಥೆರಪಿ.

ದಿನಕ್ಕೆ ಇಂಥ ಎಷ್ಟು ಪ್ರಕರಣಕ್ಕೆ ಮಿತಿ ಹಾಕಿದ್ದೀರಿ? ಶುಲ್ಕ ಎಷ್ಟು? ಆನ್‌ಲೈನ್ ಆದರೂ ಸರಿ, ಕನ್ನಡ ಬಲ್ಲವರಾಗಿರಬೇಕು.