ಕಾಂಟೆಸ್ಸಾದ ರೆಕ್ಸಿನ್ ಟಾಪ್ ಜಾಗಕ್ಕೆ ವಿನೈಲ್ ರ‍್ಯಾಪ್ ಹಾಕಿಸಬಹುದಾ?

ಪ್ರಶ್ನೆ (ಅಂಕೋಲಾದಿಂದ):
ಅಣ್ಣಾ, ಅಪ್ಪನ 1989ರ ಕಾಂಟೆಸ್ಸಾ ಕಾರು ಇದೆ. ಬಿಳಿ ಬಾಡಿ, ಮೇಲೆ ಕಪ್ಪು ರೆಕ್ಸಿನ್ ಟಾಪ್. ಆಗ ಹುಬ್ಬಳ್ಳಿಯಲ್ಲಿ ಕುಶನ್ ಕೆಲಸದವರ ಹತ್ತಿರ ಹಾಕಿಸಿದ್ದರಂತೆ. ಈಗ ಹೊಲಿಗೆ ಬಿಟ್ಟಿದೆ, ಹಿಂದಿನ ಗಾಜಿನ ಹತ್ತಿರ ಉಬ್ಬಿದೆ. ಅಂಥ ರೆಕ್ಸಿನ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಒಬ್ಬರು ಅದರ ಮೇಲೇ ತೆಳು ಪ್ಲಾಸ್ಟಿಕ್ ಫಿಲ್ಮಿನ ರ‍್ಯಾಪ್ ಅಂಟಿಸಿಕೊಡುತ್ತೇನೆ, ಅರ್ಧ ದಿನದ ಕೆಲಸ ಅಂದರು. ಮಾಡಿಸಲಾ? ಅಪ್ಪನಿಗೆ ಆ ಕಪ್ಪು ಟಾಪ್ ಅಂದರೆ ಪ್ರಾಣ.

ಉತ್ತರ (ಕಾರವಾರ, ಪೇಂಟಿಂಗ್ ಮತ್ತು ರ‍್ಯಾಪ್ ಕೆಲಸ):
ತಂಗಿ, ರ‍್ಯಾಪ್ ಹಾಕಿಸಬಹುದು. ಆದರೆ ಹಳೆ ರೆಕ್ಸಿನ್ ಮೇಲೆ ಬೇಡವೇ ಬೇಡ. ರೆಕ್ಸಿನ್ ಹಿಂದೆ ಬಟ್ಟೆ ಇರುತ್ತದೆ, ಕೆಲವದರಲ್ಲಿ ತೆಳು ಫೋಮ್ ಕೂಡ. ಹೊಲಿಗೆ ಬಿಟ್ಟ ಮೇಲೆ ಅದು ಒದ್ದೆ ಗೋಣಿಚೀಲದ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಡೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರ ಮೇಲೆ ಸಮುದ್ರದ ಉಪ್ಪುಗಾಳಿ. ಮೇಲಿಂದ ಇನ್ನೊಂದು ಪದರ ಅಂಟಿಸಿದರೆ ಒಳಗಿನ ನೀರು ಒಣಗಲು ದಾರಿಯೇ ಇಲ್ಲ. ತಗಡನ್ನು ತುಕ್ಕು ಒಳಗೊಳಗೇ ತಿಂದು ಹಾಕುತ್ತದೆ.

ಮೊದಲು ಒಂದು ಕೆಲಸ ಮಾಡಿ. ಉಬ್ಬಿದ ಕಡೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಮೆತ್ತಗೆ ಒಳಗೆ ಹೋಗಿ ವಾಪಸ್ ಬಂದರೆ ಗಮ್ ಮಾತ್ರ ಬಿಟ್ಟಿದೆ. ಹಲಸಿನ ಹಪ್ಪಳ ಮುರಿದ ಹಾಗೆ ಕರಕರ ಅಂದರೆ ಅಡಿಯಲ್ಲಿ ತುಕ್ಕು ಎದ್ದಿದೆ. ಹಾಗೇ ಒಳಗೆ ಕೂತು ಹಿಂದಿನ ಗಾಜಿನ ಮೂಲೆಯಲ್ಲಿ ರೂಫ್ ಬಟ್ಟೆ ನೋಡಿ. ಕಂದು ಕಲೆ ಇದ್ದರೆ ನೀರು ಆಗಲೇ ಒಳಗೆ ಇಳಿದಿದೆ ಅಂತ ಅರ್ಥ.

ಅಂಕೋಲಾದಿಂದ:
ಒತ್ತಿ ನೋಡಿದೆ ಅಣ್ಣಾ. ಎಡಗಡೆ ಮೂಲೆಯಲ್ಲಿ ಕರಕರ ಅಂತು. ಒಳಗೆ ಅಂಗೈ ಅಗಲದ ಕಲೆಯೂ ಇದೆ. ಈಗ ಏನು ಮಾಡುವುದು?

ಉತ್ತರ:
ಹೆದರಬೇಡಿ, ಈಗ ಗೊತ್ತಾಗಿದ್ದು ಒಳ್ಳೆಯದೇ ಆಯ್ತು. ಹಿಂದಿನ ಗಾಜು, ಅದರ ರಬ್ಬರ್, ಸುತ್ತಲಿನ ಬೀಡಿಂಗ್ ಪಟ್ಟಿ ಎಲ್ಲ ಬಿಚ್ಚಿಸಿ. ರೆಕ್ಸಿನ್ ಕಿತ್ತ ಮೇಲೆ ಹಳೆ ಗಮ್ ಪೂರ್ತಿ ತೆಗೆಯಬೇಕು. ಇದು ತಾಳ್ಮೆಯ ಕೆಲಸ. ಹೀಟ್ ಗನ್ನಿಂದ ಬಿಸಿ ಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆಯುವುದು, ಉಳಿದದ್ದನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸುವುದು. ಬ್ಲೇಡ್ ಹಾಕಿ ಕೆರೆಯಲು ಬಿಡಬೇಡಿ. ತುಕ್ಕಿದ್ದ ಜಾಗವನ್ನು ಬೆಳ್ಳಗೆ ತಗಡು ಕಾಣುವ ತನಕ ಉಜ್ಜಬೇಕು. ತೂತು ಬಿದ್ದಿದ್ದರೆ ಆ ತುಂಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಪುಟ್ಟಿ ತುಂಬಿ ಮುಚ್ಚಬಾರದು. ಆಮೇಲೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್, ಪುಟ್ಟಿ, ಪೇಂಟ್. ಬೀಡಿಂಗ್ ಕ್ಲಿಪ್ ಕೂರುವ ತೂತುಗಳಿಗೆ ನೀರು ನುಗ್ಗದಂತೆ ಸೀಲೆಂಟ್ ಹಚ್ಚಲು ಮರೆಯಬೇಡಿ. ಎಷ್ಟೋ ಗಾಡಿಗಳಲ್ಲಿ ತುಕ್ಕು ಶುರುವಾಗುವುದೇ ಅಲ್ಲಿಂದ.

ಪೇಂಟ್ ಆದ ಮೇಲೆ, ಫಿಲ್ಮ್ ಹಾಕುವ ಮುಂಚೆ, ಕನಿಷ್ಠ ಒಂದು ತಿಂಗಳು ಗಾಡಿ ಹಾಗೇ ಇರಲಿ. ನಾನು ಇದನ್ನು ಕಲಿತದ್ದು ಒಂದು ಪದ್ಮಿನಿ ಕಾರು ಹಾಳು ಮಾಡಿ. ಮಾಲೀಕರಿಗೆ ಮದುವೆ ಮನೆಗೆ ಬೇಕಿತ್ತು, ಪೇಂಟ್ ಆಗಿ ಎಂಟೇ ದಿನಕ್ಕೆ ರ‍್ಯಾಪ್ ಹಾಕಿದೆ. ಇಲ್ಲೇ ಕಾರವಾರದ ಬೈತಖೋಲದ ಬಿಸಿಲಲ್ಲಿ ಎರಡು ದಿನ ನಿಂತದ್ದೇ ತಡ, ಮೇಲೆಲ್ಲ ಸಾಬೂದಾಣಿ ಹರಡಿದ ಹಾಗೆ ಗುಳ್ಳೆ. ಪೇಂಟ್ ಒಳಗಿನ ಥಿನ್ನರ್ ಆವಿ ಹೊರಗೆ ಬರಲಾಗದೆ ಫಿಲ್ಮನ್ನು ಎತ್ತಿತ್ತು. ಕೀಳಲು ಹೋದರೆ ಪೇಂಟೂ ಜೊತೆಗೇ ಬಂತು. ಇಡೀ ರೂಫ್ ನನ್ನ ಖರ್ಚಲ್ಲೇ ಮತ್ತೆ ಮಾಡಿಕೊಟ್ಟೆ. ಅವತ್ತಿನಿಂದ ಯಾರು ಎಷ್ಟೇ ಅವಸರ ಮಾಡಿದರೂ ಒಪ್ಪುವುದಿಲ್ಲ.

ಅಂಕೋಲಾದಿಂದ:
ರ‍್ಯಾಪ್ ಹಾಕಿದರೆ ನೋಡಲು ಹಳೆ ಟಾಪ್ ಹಾಗೇ ಇರುತ್ತದಾ?

ಉತ್ತರ:
ಹತ್ತು ಅಡಿ ದೂರದಿಂದ ಹೌದು. ಕೈ ಇಟ್ಟರೆ ಇಲ್ಲ. ಇದನ್ನು ಅಪ್ಪನಿಗೆ ಮೊದಲೇ ಹೇಳಿಬಿಡಿ. ಈ ರೆಕ್ಸಿನ್ ಟಾಪ್, ಅಂದರೆ ವಿನೈಲ್ ಟಾಪ್, ಶುರುವಾದದ್ದೇ ಮಡಚುವ ಬಟ್ಟೆ ಛಾವಣಿಯ ಕಾರಿನ ಹಾಗೆ ಕಾಣಲಿ ಅಂತ. 1960-70ರ ದಶಕದ ಅಮೆರಿಕನ್ ಕಾರುಗಳಲ್ಲಿ ಅದೇ ದೊಡ್ಡ ಫ್ಯಾಷನ್. ಅದಕ್ಕೇ ಅದು ದಪ್ಪ, ಹೊಲಿಗೆ ಎದ್ದು ಕಾಣುತ್ತದೆ, ಮುಟ್ಟಿದರೆ ಮೆತ್ತಗೆ. ರ‍್ಯಾಪ್ ಫಿಲ್ಮ್ ಗಮ್ ಸೇರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಚರ್ಮದ ಗೆರೆ ಇರುವ ಕಪ್ಪು ಫಿಲ್ಮ್ ಸಿಗುತ್ತದೆ, ಅದನ್ನೇ ಕೇಳಿ. ರೆಕ್ಸಿನ್ ಸಣ್ಣ ತಗ್ಗುಗಳನ್ನು ಮುಚ್ಚಿಬಿಡುತ್ತಿತ್ತು. ಫಿಲ್ಮ್ ಅಡಿಯಲ್ಲಿ ಒಂದು ಮರಳಿನ ಕಾಳು ಇದ್ದರೂ ಕಾಣುತ್ತದೆ.

ನಮ್ಮ ಕರಾವಳಿಗೆ ನನ್ನ ಓಟು ರ‍್ಯಾಪಿಗೇ. ಹಿಂದೆ ಬಟ್ಟೆ ಇಲ್ಲ, ನೀರು ಹಿಡಿಯುವುದಿಲ್ಲ. ಅಂಚು ಎದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ.

ಶಿರಸಿಯಿಂದ:
ನಮ್ಮದು ಪ್ರೀಮಿಯರ್ ಪದ್ಮಿನಿ. ಟಾಪ್ ಇರಲೇ ಇಲ್ಲ, ಹೊಸದಾಗಿ ಆ ತರ ಮಾಡಿಸುವ ಆಸೆ. ಹೊಲಿಗೆ ಗೆರೆ ಬರಿಸಬಹುದಾ?

ಉತ್ತರ:
ಬರಿಸಬಹುದು. ರೂಫ್ ಮೇಲೆ ಉದ್ದಕ್ಕೆ ಎರಡು ಕಡೆ ತೆಳು ಪಟ್ಟಿ ಟೇಪ್ ಅಂಟಿಸಿ, ಅದರ ಮೇಲೆ ಫಿಲ್ಮ್ ಕೂರಿಸುತ್ತೇವೆ. ಗೆರೆ ಉಬ್ಬಿ ನಿಲ್ಲುತ್ತದೆ. ರೋಲ್ 1.52 ಮೀಟರ್ ಅಗಲ, ಪದ್ಮಿನಿ ರೂಫಿಗೆ ಜೋಡಣೆ ಇಲ್ಲದೆ ಒಂದೇ ತುಂಡು ಸಾಕು. ಕಾಸ್ಟ್ (cast) ಅನ್ನುವ ಜಾತಿಯ ಫಿಲ್ಮೇ ತಗೊಳ್ಳಿ, ಅದು ಅಷ್ಟಾಗಿ ಕುಗ್ಗುವುದಿಲ್ಲ. ಕ್ಯಾಲೆಂಡರ್ಡ್ ಅಂತ ಅಗ್ಗದ್ದು ಬರುತ್ತದೆ, ಅದು ಬೋರ್ಡಿಗೆ ಅಂಟಿಸುವ ಸ್ಟಿಕ್ಕರ್ ಜಾತಿಯದು. ಬಿಸಿಲಿಗೆ ಕುಗ್ಗಿ ಅಂಚು ಬಿಡುತ್ತದೆ. ಶಿರಸಿಯ ಚಳಿಗಾಲದಲ್ಲಿ ಬೆಳಿಗ್ಗೆ ಹಾಕಿಸಬೇಡಿ, ಫಿಲ್ಮ್ ಬಿರುಸಾಗಿರುತ್ತದೆ, ಗಮ್ ಕಚ್ಚುವುದಿಲ್ಲ. ಮಧ್ಯಾಹ್ನ ಮಾಡಿಸಿ. ಕೊನೆಗೆ ಎಳೆದು ಕೂರಿಸಿದ ಕಡೆಯೆಲ್ಲ ಹೀಟ್ ಗನ್ ಹಿಡಿಸಲೇಬೇಕು, ಇಲ್ಲದಿದ್ದರೆ ಅದು ಹಳೆ ಆಕಾರಕ್ಕೆ ವಾಪಸ್ ಎಳೆಯುತ್ತದೆ.

ಗಟರ್, ಅಂದರೆ ರೂಫ್ ಅಂಚಿನಲ್ಲಿ ಮಳೆನೀರು ಹರಿಯುವ ಕಾಲುವೆ, ಅದರ ಹತ್ತಿರ ಜೋಪಾನ. ಫಿಲ್ಮ್ ಸೀಲೆಂಟ್ ಮೇಲೆ ನಿಲ್ಲುವುದಿಲ್ಲ, ಅದಕ್ಕಿಂತ ಒಂದೆರಡು ಮಿ.ಮೀ. ಮೊದಲೇ ಮುಗಿಸಬೇಕು. ಪೇಂಟ್ ಮೇಲೆ ಚಾಕು ಇಟ್ಟು ಕತ್ತರಿಸುವವರಿದ್ದಾರೆ, ಬಿಡಬೇಡಿ. ಆ ಗೀರಿನಿಂದಲೇ ತುಕ್ಕು ಶುರು. ದಾರ ಇರುವ ಕಟಿಂಗ್ ಟೇಪ್ ಬರುತ್ತದೆ, ಅದನ್ನೇ ಬಳಸಿ ಅನ್ನಿ.

ಕುಮಟಾದಿಂದ:
ಆರ್‌ಸಿಗೆ ತೊಂದರೆ ಆಗುತ್ತದಾ? ಎಷ್ಟು ವರ್ಷ ಬಾಳಿಕೆ?

ಉತ್ತರ:
ಆರ್‌ಸಿಯಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಇದೆ, ಆಗ ಗಾಡಿ ನೋಡುತ್ತಾರೆ. ಹೊಸದಾಗಿ ಕಪ್ಪು ಟಾಪ್ ಮಾಡಿಸುವವರು ಮೊದಲೇ ಆರ್‌ಟಿಒದಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಬಾಳಿಕೆ ವಿಷಯ. ರೂಫ್ ಬಿಸಿಲಿಗೆ ಮುಖ ಕೊಟ್ಟು ಮಲಗಿರುತ್ತದೆ, ಬಾಗಿಲಿನಷ್ಟು ವರ್ಷ ಬರುವುದಿಲ್ಲ. ಕಂಪನಿಗಳೂ ರೂಫಿನಂಥ ಅಡ್ಡ ಮೈಗೆ ವಾರಂಟಿ ಕಡಿಮೆಯೇ ಕೊಡುವುದು. ಕಪ್ಪು ಬಣ್ಣಕ್ಕೆ ಬಿಸಿ ಇನ್ನೂ ಜಾಸ್ತಿ. ನಾನು ಮೂರು ವರ್ಷ ಅಂತಲೇ ಹೇಳಿ ಕೊಡುತ್ತೇನೆ. ನೆರಳಲ್ಲಿಟ್ಟರೆ ಮುಂದೆಯೂ ಹೋಗುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯಿರಿ. ಮಾವಿನ ಸೋನೆ, ಹಕ್ಕಿ ಹಿಕ್ಕೆ ಬಿದ್ದರೆ ಅದೇ ದಿನ ತೆಗೆಯಿರಿ. ಒದ್ದೆ ಗಾಡಿಗೆ ತಾಡಪಾಲು ಹೊದಿಸಬೇಡಿ.

ಬಣ್ಣ ಮಾಸಿತು ಅಂತ ಐದಾರು ವರ್ಷ ಹಾಗೇ ಬಿಡಬೇಡಿ. ಬಿರುಕು ಬಿಟ್ಟ ಫಿಲ್ಮ್ ಉಗುರಿನಷ್ಟು ಉಗುರಿನಷ್ಟೇ ಕಿತ್ತು ಬರುತ್ತದೆ. ಸಮಯಕ್ಕೆ ತೆಗೆದರೆ ಬಿಸಿ ಮಾಡಿದಾಗ ಬಾಳೆಲೆ ಎತ್ತಿದ ಹಾಗೆ ಒಂದೇ ಹಾಳೆಯಾಗಿ ಬರುತ್ತದೆ.

ಅಂಕೋಲಾದ ತಂಗಿ, ರೆಕ್ಸಿನ್ ಕಿತ್ತ ದಿನ ತಗಡಿನ ಫೋಟೋ ಹಾಕಿ. ಪುಟ್ಟಿ ಮುಟ್ಟುವ ಮೊದಲು ನಾನೊಮ್ಮೆ ನೋಡಬೇಕು.